ಚಿತ್ರಗಳನ್ನು ನಡೆಯಿಸಿದವರು

ಶಾಲೆಗೆ ಹೋಗುವ ಮಕ್ಕಳ ಬರವಣಿಗೆಯ ಪುಸ್ತಕಗಳನ್ನು ಆಗಾಗ ತೆರೆದು ನೋಡುವ ತಾಯಿತಂದೆಗಳಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿರುತ್ತದೆ. ಲೆಕ್ಕಕ್ಕೆಂದು ಕೊಡಿಸಿದ ಪುಸ್ತಕದಲ್ಲಿ ಲೆಕ್ಕಕ್ಕಿಂತ ಚಿತ್ರವೇ ಹೆಚ್ಚು. ಹಾಳೆಯ ಮೂಲೆಯಲ್ಲಿ ಒಬ್ಬ ಪುಟ್ಟ ಮನುಷ್ಯ. ಮುಂದಿನ ಹಾಳೆಯ ಅದೇ ಮೂಲೆಯಲ್ಲಿ ಅವನೇ, ಆದರೆ ಕಾಲು ಒಂದಿಷ್ಟು ಮೇಲಕ್ಕೆ ಎದ್ದಿದೆ. ಅದರ ಮುಂದಿನದರಲ್ಲಿ ಇನ್ನೂ ಒಂದಿಷ್ಟು ಮೇಲಕ್ಕೆ. ಪುಸ್ತಕವನ್ನು ಬಾಗಿಸಿ ಹೆಬ್ಬೆರಳಿನಿಂದ ಹಾಳೆಗಳನ್ನು ಸರಸರನೆ ಬಿಟ್ಟರೆ ಆ ಮನುಷ್ಯನು ಓಡತೊಡಗುತ್ತಾನೆ! ಸತ್ತ ಗೆರೆಗೆ ಜೀವ ಬಂದಂತಾಗುತ್ತದೆ. ಒಂದಿಷ್ಟೇ ಬದಲಾದ ಚಿತ್ರಗಳು ಒಂದರ ಹಿಂದೊಂದು ಬೇಗಬೇಗನೆ ಸಾಗಿದಾಗ ನಮ್ಮ ಮಿದುಳು ಅವುಗಳನ್ನು ಚಲನೆಯೆಂದೇ ಗ್ರಹಿಸುವುದರಿಂದ ಉಂಟಾಗುವ ಮಾಯೆಯಿದು.

ಇದನ್ನು ಕಂಡಾಗ ನಮ್ಮಲ್ಲಿ ಕೆಲವರು ನಗುತ್ತೇವೆ, ಕೆಲವರು ಗದರಿಸುತ್ತೇವೆ. "ಈ ಗೀಚಾಟ ನಾಳೆ ಅನ್ನ ಕೊಟ್ಟೀತೆ?" ಎಂದು ಮನಸ್ಸಿನಲ್ಲಾದರೂ ಕೇಳಿಕೊಳ್ಳದವರು ವಿರಳ. ಪ್ರಶ್ನೆಯೇನೋ ನ್ಯಾಯವಾದುದೇ. ಜಪಾನ್ ದೇಶದ ಒಬ್ಬ ಚಿತ್ರಗಾರರ ಬಾಳಿನಲ್ಲಿ ಈ ಪ್ರಶ್ನೆ ಎರಡು ಸಲ ಎದ್ದು ನಿಂತಿತು. ಮೊದಲನೆಯ ಸಲ ಅದಕ್ಕೆ ಉತ್ತರ ಕೊಟ್ಟವರು ಅವರ ತಾಯಿ. ಎರಡನೆಯ ಸಲ ಉತ್ತರ ಕೊಟ್ಟುದು ಸಾಲಗಾರರ ಪಟ್ಟಿ. ಆ ಚಿತ್ರಗಾರರ ಹೆಸರು ಒಸಾಮು ತೆಜುಕಾ. ಜಪಾನೀಯರು 'ಮಂಗಾ' ಎಂದು ಕರೆಯುವ ಚಿತ್ರಕಥೆಗೆ ಹೊಸ ರೂಪ ಕೊಟ್ಟವರು ಅವರು. ಬರೆದ ಚಿತ್ರಗಳನ್ನು ಚಲಚ್ಚಿತ್ರವಾಗಿ ನಡೆಯಿಸುವ ಕಲೆಯನ್ನು, ಅಂದರೆ ಈಗ ಎಲ್ಲರೂ ಅನಿಮೇಷನ್ ಎನ್ನುವುದನ್ನು, ವಾರವಾರವೂ ಮನೆಮನೆಗೆ ಮುಟ್ಟಿಸಿದವರೂ ಅವರೇ. ಅವರ ಕಥೆಯನ್ನು ನಮ್ಮ ವಾಚಕರ ಮುಂದಿಡಬೇಕೆಂದು ಬಹು ದಿನಗಳಿಂದ ನಾವು ಅಂದುಕೊಂಡಿದ್ದೆವು.

ತೆಜುಕಾರವರು ಹುಟ್ಟಿದುದು 1928ನೆಯ ಇಸವಿ ನವೆಂಬರ್ 3ರಂದು, ಒಸಾಕಾ ಪ್ರಾಂತದ ತೊಯೊನಾಕಾ ಎಂಬಲ್ಲಿ. ಬೆಳೆದುದು ಅಲ್ಲಿಗೆ ಸಮೀಪದ ತಕರಾಜುಕಾ ಎಂಬ ಊರಿನಲ್ಲಿ. ಹೆಣ್ಣುಮಕ್ಕಳೇ ಎಲ್ಲ ಪಾತ್ರಗಳನ್ನೂ ಧರಿಸುವ ಸಂಗೀತ ನಾಟಕ ಮಂಡಲಿಗೆ ಆ ಊರು ಹೆಸರಾದುದು. ತಾಯಿ ಮಗನನ್ನು ಆ ನಾಟಕಗಳಿಗೆ ಕರೆದುಕೊಂಡು ಹೋಗುತ್ತಿದ್ದರು. ತಂದೆಯ ಬಳಿ ಪಾತೇ ಬೇಬಿ ಎಂಬ ಸಣ್ಣ ಚಲಚ್ಚಿತ್ರ ಯಂತ್ರವೊಂದಿದ್ದಿತು. ಮನೆಯ ಗೋಡೆಯ ಮೇಲೆ ಮಿಕ್ಕಿ ಮೌಸ್ ಮೊದಲಾದ ಚಿತ್ರಗಳು ಕುಣಿಯುತ್ತಿದ್ದರೆ ಹುಡುಗನು ಕಣ್ಣು ಮಿಟುಕಿಸದೆ ನೋಡುತ್ತಿದ್ದನು.

ಮನೆಯೊಳಗೆ ಇಷ್ಟು ಸುಖವಿದ್ದರೂ ಶಾಲೆಯಲ್ಲಿ ಹುಡುಗನಿಗೆ ಸುಖವಿರಲಿಲ್ಲ. ಕುಳ್ಳು ಮೈ, ಗುಂಗುರು ಕೂದಲು, ಮೂಗಿನ ಮೇಲೆ ಕನ್ನಡಕ, ಆಟಕ್ಕೆ ಬಾರದವನು. ಜೊತೆಯ ಹುಡುಗರ ಕೀಟಲೆಗೆ ಇನ್ನೇನು ಬೇಕು? ಅವನು ಅತ್ತುಕೊಂಡು ಮನೆಗೆ ಬರುವುದು ವಾಡಿಕೆಯಾಗಿ ಹೋಯಿತು. ಆದರೆ ಆ ಮನೆಯಲ್ಲಿ ಬೇರೆ ಮನೆಗಳಲ್ಲಿಲ್ಲದ ಒಂದು ಐಶ್ವರ್ಯವಿದ್ದಿತು. ಅದು ಚಿತ್ರಕಥೆಯ ಪುಸ್ತಕಗಳ ರಾಶಿ. ಅಂತಹ ಪುಸ್ತಕಗಳನ್ನು ಓದುವುದೇ ಹಾಳು ಚಾಳಿಯೆಂದು ಹಿರಿಯರು ಭಾವಿಸುತ್ತಿದ್ದ ಆ ಕಾಲದಲ್ಲಿ ಈ ತಾಯಿ ಅವುಗಳನ್ನು ಕೊಡಿಸಿದುದೇ ಅಲ್ಲದೆ, ಒಂದೊಂದು ಪಾತ್ರಕ್ಕೆ ಒಂದೊಂದು ದನಿ ಮಾಡಿ ಮಗನಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಪುಸ್ತಕಗಳ ಆಸೆಗೆ ಮನೆಗೆ ಬರತೊಡಗಿದ ಹುಡುಗರು ಕ್ರಮೇಣ ಒಸಾಮು ಬರೆದ ಚಿತ್ರಗಳನ್ನೂ ನೋಡಿದರು. ಹೀಯಾಳಿಸಿದವರೇ ಸ್ನೇಹಿತರಾದರು.

ಹುಡುಗನಿಗೆ ಚಿತ್ರದ ಹುಚ್ಚಿನೊಡನೆ ಇನ್ನೊಂದು ಹುಚ್ಚಿದ್ದಿತು—ಹುಳುಗಳದು. ಜೀರುಂಡೆ, ಚಿಟ್ಟೆಗಳನ್ನು ಹಿಡಿದು, ಅವುಗಳ ಕಾಲು, ಮೀಸೆ, ರೆಕ್ಕೆಗಳನ್ನು ಒಂದು ಗೆರೆಯೂ ತಪ್ಪದಂತೆ ಬಣ್ಣದಲ್ಲಿ ಬರೆದಿಡುತ್ತಿದ್ದನು. ಕೀಟಗಳ ಪುಸ್ತಕವೊಂದರಲ್ಲಿ 'ಒಸಾಮುಷಿ' ಎಂಬ ಜೀರುಂಡೆಯ ಹೆಸರು ಅವನ ಕಣ್ಣಿಗೆ ಬಿದ್ದಿತು. ತನ್ನ ಹೆಸರು ಒಸಾಮು. ಜಪಾನೀ ಭಾಷೆಯಲ್ಲಿ 'ಮುಷಿ' ಎಂದರೆ ಹುಳು. ಇನ್ನೇಕೆ ತಡ? ತನ್ನ ಹೆಸರಿನ ಮುಂದೆ ಹುಳು ಎಂಬ ಅಕ್ಷರವನ್ನು ಸೇರಿಸಿಕೊಂಡು ಬಿಟ್ಟನು. ಕೊನೆಯವರೆಗೂ ಚಿತ್ರಗಳಡಿಯಲ್ಲಿ ಅವರು ಹಾಕಿದ ಅಂಕಿತ ಅದೇ. ಮುಂದೆ ಸ್ಥಾಪಿಸಿದ ಚಿತ್ರಶಾಲೆಗೂ ಅವರು ಇಟ್ಟುದು ಹುಳುವಿನ ಹೆಸರೇ.

ಈ ನಡುವೆ ಯುದ್ಧ ಬಂದಿತು. ಹದಿಹರೆಯದ ಹುಡುಗರನ್ನೆಲ್ಲ ಪಾಠ ಬಿಡಿಸಿ ಕಾರ್ಖಾನೆಗಳಿಗೆ ಅಟ್ಟಿದರು. ತೆಜುಕಾರವರೂ ಒಸಾಕಾದ ಕಾರ್ಖಾನೆಯೊಂದರಲ್ಲಿ ದುಡಿಯಬೇಕಾಯಿತು. 1945ರ ಏಪ್ರಿಲ್ ತಿಂಗಳಿನಲ್ಲಿ, ಬಾಂಬಿನಿಂದ ಅರೆ ಸುಟ್ಟ ಆ ನಗರದ ಒಂದು ಚಿತ್ರಮಂದಿರದಲ್ಲಿ ಅವರು ಮೊಮೊತಾರೋ ಎಂಬ ಬಾಲವೀರನ ಕಥೆಯ ಚಿತ್ರವೊಂದನ್ನು ನೋಡಿದರು. ನೌಕಾದಳದವರು ಯುದ್ಧದ ಪ್ರಚಾರಕ್ಕಾಗಿ ಮಾಡಿಸಿದ, ಬರೆದ ಚಿತ್ರಗಳಿಂದಲೇ ಆದ ದೀರ್ಘ ಚಲಚ್ಚಿತ್ರವದು. ಜನರಿಲ್ಲದ ಆ ಮಂದಿರದಲ್ಲಿ ಕುಳಿತಿದ್ದ ಹುಡುಗನ ಕಣ್ಣಿಗೆ ಯುದ್ಧ ಬೀಳಲಿಲ್ಲ. ಗಾಳಿಯಲ್ಲಿ ತೇಲುವ ಹೂವಿನ ಅರಳೆ ಬಿದ್ದಿತು, ಪ್ರಾಣಿಗಳ ಮುದ್ದು ಮುಖ ಬಿದ್ದಿತು. ಆತನು ಅತ್ತುಬಿಟ್ಟನು. ಬದುಕಿ ಉಳಿದರೆ ಒಂದು ದಿನ ಇಂತಹ ಚಿತ್ರವನ್ನು ತಾನೂ ಮಾಡಿಯೇ ತೀರುವೆನೆಂದು ನಿಶ್ಚಯಿಸಿಕೊಂಡನು.

ಬದುಕಿ ಉಳಿದರೆ ಎಂಬುದು ಬರಿಯ ಮಾತಾಗಿರಲಿಲ್ಲ. ಅದೇ ಜೂನ್ ತಿಂಗಳಿನಲ್ಲಿ ಒಸಾಕಾದ ಮೇಲೆ ಬೆಂಕಿಯ ಬಾಂಬುಗಳು ಸುರಿದಾಗ ಆತನು ಕಾರ್ಖಾನೆಯ ಕಾವಲು ಗೋಪುರದ ಮೇಲಿದ್ದನು. ಬಾಂಬು ಹತ್ತಿರದಲ್ಲೇ ಬಿದ್ದರೂ ಜೀವ ಉಳಿಯಿತು. ನದಿಯ ದಂಡೆಗೆ ಓಡಿದಾಗ ಆತನು ಕಂಡುದು ಸುಟ್ಟ ಹೆಣಗಳ ಸಾಲುಗಳನ್ನು. ಮುಂದೆ ಆಗಸ್ಟ್ 15ರಂದು ಯುದ್ಧ ನಿಂತಿತು. ವರ್ಷಗಳಿಂದ ಕತ್ತಲಲ್ಲಿದ್ದ ಒಸಾಕಾ ನಗರದಲ್ಲಿ ದೀಪಗಳು ಹೊತ್ತಿಕೊಂಡುದನ್ನು ಕಂಡು, ಇನ್ನು ತಾನು ಸಾಯಬೇಕಾಗಿಲ್ಲ, ಚಿತ್ರ ಬರೆಯಬಹುದು ಎಂದು ಉಕ್ಕಿಬಂದ ಸಂತೋಷವನ್ನು ತೆಜುಕಾರವರು ತಮ್ಮ ಆತ್ಮಕಥನದಲ್ಲಿ ಮರೆಯದೆ ಹೇಳಿಕೊಂಡಿದ್ದಾರೆ. ಅವರು ಬರೆದ ಕಥೆಗಳಲ್ಲೆಲ್ಲ ಜೀವದ ಮೇಲಣ ಗೌರವವು ಹಿನ್ನೆಲೆಯ ಶ್ರುತಿಯಂತೆ ಕೇಳಿಬರುವುದಕ್ಕೆ ಕಾರಣವನ್ನು ಬೇರೆಲ್ಲೂ ಹುಡುಕಬೇಕಾಗಿಲ್ಲ.

ಆ ವರ್ಷವೇ ಅವರು ಒಸಾಕಾದಲ್ಲಿ ವೈದ್ಯ ವಿದ್ಯೆಗೆ ಸೇರಿದರು. ಮರುವರ್ಷ, 1946ರ ಜನವರಿಯಲ್ಲಿ, ಮಕ್ಕಳ ಪತ್ರಿಕೆಯೊಂದರಲ್ಲಿ ಅವರ ಮೊದಲ ಚಿತ್ರಮಾಲೆ ಬಂದಿತು. ನಾಲ್ಕು ನಾಲ್ಕು ಚೌಕಗಳ ಆ ಮಾಲೆಯ ಹೆಸರು 'ಮಾ-ಚಾನ್ ಎಂಬ ಪುಟ್ಟನ ದಿನಚರಿ.' 1947ರಲ್ಲಿ ಷಿಚಿಮಾ ಸಕಾಯಿ ಎಂಬ ಹಿರಿಯ ಚಿತ್ರಗಾರರು ಒದಗಿಸಿದ ಕಥೆಗೆ ಚಿತ್ರ ಬರೆದು 'ಹೊಸ ನಿಧಿದ್ವೀಪ' ಎಂಬ ಪುಸ್ತಕವನ್ನು ಹೊರಡಿಸಿದರು. ಅಗ್ಗದ ಕಾಗದದ ಆ ಪುಸ್ತಕದ ಪ್ರತಿಗಳು ನಾಲ್ಕು ಲಕ್ಷದಷ್ಟು ಮಾರಾಟವಾದುವೆಂದು ಹೇಳುತ್ತಾರೆ. ಅದರಲ್ಲಿ ಅಂತಹ ವಿಶೇಷವೇನು? ಮೊದಲ ಪುಟಗಳಲ್ಲಿಯೇ ಒಬ್ಬ ಹುಡುಗನು ಮೋಟಾರಿನಲ್ಲಿ ಬಂದರಿನ ಕಡೆಗೆ ಧಾವಿಸುತ್ತಾನೆ. ಅಷ್ಟೇ. ಆದರೆ ಒಂದು ಚೌಕದಲ್ಲಿ ಮೋಟಾರು ದೂರ, ಇನ್ನೊಂದರಲ್ಲಿ ಹತ್ತಿರ, ಮತ್ತೊಂದರಲ್ಲಿ ಹುಡುಗನ ಮುಖವೇ ಎದುರಿಗೆ. ನಾಟಕದ ರಂಗವನ್ನು ಒಂದೇ ಕಡೆಯಿಂದ ನೋಡಿದಂತೆ ಬರೆಯುತ್ತಿದ್ದ ಹಳೆಯ ಚಿತ್ರಕಥೆಗೆ ಅವರು ಚಲಚ್ಚಿತ್ರದ ಕಣ್ಣನ್ನು ಇಟ್ಟರು. ಕಾಗದದ ಮೇಲೆ ನಿಂತ ಚಿತ್ರವು ಓಡುತ್ತಿದೆಯೆಂದು ಓದುಗರಿಗೆ ಅನಿಸಿತು.

ವೈದ್ಯ ವಿದ್ಯೆಯೂ ಚಿತ್ರದ ಕೆಲಸವೂ ಒಂದರೊಡನೊಂದು ಜಗಳವಾಡತೊಡಗಿದುವು. ಹಗಲೆಲ್ಲ ಪಾಠ, ರಾತ್ರಿಯೆಲ್ಲ ಚಿತ್ರ. ಎರಡು ದೋಣಿಗಳಲ್ಲಿ ಕಾಲಿಟ್ಟು ಎಷ್ಟು ದಿನ ಸಾಗುವುದು? ಆಗ ತೆಜುಕಾರವರು ತಾಯಿಯನ್ನು ಕೇಳಿದರು. ತಾಯಿ ಅವರನ್ನೇ ಮರಳಿ ಕೇಳಿದುದು ಒಂದೇ ಮಾತು: ನಿನಗೆ ನಿಜವಾಗಿ ಇಷ್ಟವಾದುದು ಯಾವುದು? ಚಿತ್ರಕಥೆಯೆಂದು ಮಗನು ಹೇಳಿದಾಗ, ಹಾಗಾದರೆ ಅದನ್ನೇ ಮಾಡು ಎಂದು ಆಕೆ ಅನುಮತಿ ಕೊಟ್ಟರು. ವೈದ್ಯನ ಗೌರವವೂ ಸಂಪಾದನೆಯೂ ಏನೆಂಬುದು ತಿಳಿಯದ ತಾಯಿಯಲ್ಲ ಆಕೆ. ಯುದ್ಧದಲ್ಲಿ ಸೋತು ಅನ್ನಕ್ಕೆ ಪರದಾಡುತ್ತಿದ್ದ ದೇಶದಲ್ಲಿ ಒಬ್ಬ ತಾಯಿ ಹೀಗೆ ಹೇಳಬೇಕಾದರೆ ಎಂತಹ ಎದೆಗಾರಿಕೆ ಬೇಕು! ಆದರೂ ಮಗನು ಹಿಡಿದುದನ್ನು ಅರ್ಧಕ್ಕೆ ಬಿಡಲಿಲ್ಲ. 1951ರಲ್ಲಿ ವೈದ್ಯ ವಿದ್ಯೆಯನ್ನು ಮುಗಿಸಿದರು. ಮರುವರ್ಷ ಸರಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾದರು. 1961ರಲ್ಲಿ ನಾರಾ ವೈದ್ಯ ವಿಶ್ವವಿದ್ಯಾನಿಲಯದಿಂದ ಡಾಕ್ಟರ್ ಪದವಿಯನ್ನೂ ಪಡೆದರು. ಆದರೆ ನಾಡಿ ಹಿಡಿದು ಜೀವನ ಮಾಡಲಿಲ್ಲ.

1950ರಿಂದ ಬಂದ 'ಕಾಡಿನ ಚಕ್ರವರ್ತಿ' ಒಂದು ಬಿಳಿಯ ಸಿಂಹದ ಮರಿಯ ಕಥೆ. 1952ರಲ್ಲಿ ಪ್ರಾರಂಭವಾದುದು 'ಮಹಾಶಕ್ತಿಯ ಆಟಮ್.' ಅಪಘಾತದಲ್ಲಿ ಮಗನನ್ನು ಕಳೆದುಕೊಂಡ ವಿಜ್ಞಾನಿಯೊಬ್ಬನು ಅವನದೇ ರೂಪದ ಯಂತ್ರಬಾಲಕನನ್ನು ನಿರ್ಮಿಸುತ್ತಾನೆ. ಒಂದು ಲಕ್ಷ ಅಶ್ವಶಕ್ತಿಯ ಬಾಲಕ! ಆದರೆ ಯಂತ್ರವಾದುದರಿಂದ ಅವನು ಬೆಳೆಯುವುದಿಲ್ಲ. ಬೆಳೆಯದ ಮಗನನ್ನು ಕಂಡು ಬೇಸತ್ತ ತಂದೆ ಅವನನ್ನು ಸರ್ಕಸ್ಸಿಗೆ ಮಾರಿಬಿಡುತ್ತಾನೆ. ಕರುಣಾಳುವಾದ ಇನ್ನೊಬ್ಬ ವಿಜ್ಞಾನಿ ಅವನನ್ನು ಬಿಡಿಸಿ ಸಾಕುತ್ತಾನೆ. ಮಕ್ಕಳು ಇದನ್ನು ಸಾಹಸದ ಕಥೆಯೆಂದು ಓದಿದರು. ದೊಡ್ಡವರು ಓದಿದ್ದರೆ ಗಂಟಲು ಕಟ್ಟುತ್ತಿದ್ದಿತು. ಇವುಗಳಿಂದ ತೆಜುಕಾರವರಿಗೆ ಹೆಸರೂ ಹಣವೂ ಬಂದುವು. ತಾಯಿಯ ಉತ್ತರ ಸರಿಯೆಂದು ಲೋಕವೇ ಒಪ್ಪಿದಂತಾಯಿತು.

ಇಲ್ಲಿಗೇ ಕಥೆ ಮುಗಿದಿದ್ದರೆ ಅದು ಸುಖಾಂತವಾಗುತ್ತಿತ್ತು. ಆದರೆ ಮನಸ್ಸಿನಲ್ಲಿದ್ದ ಹಳೆಯ ಪ್ರತಿಜ್ಞೆ ತೀರಿರಲಿಲ್ಲ. ಡಿಸ್ನಿಯವರ 'ಬ್ಯಾಂಬಿ' ಚಿತ್ರವನ್ನು ಎಂಬತ್ತಕ್ಕೂ ಹೆಚ್ಚು ಸಲ ನೋಡಿದೆನೆಂದು ಅವರೇ ಹೇಳಿಕೊಂಡಿದ್ದಾರೆ. ತೊಯೇ ಎಂಬ ದೊಡ್ಡ ಕಂಪನಿಯವರು ಅವರ ಚಿತ್ರಕಥೆಯೊಂದನ್ನು ಆಧರಿಸಿ 1960ರಲ್ಲಿ ಹೊರತಂದ ಚಲಚ್ಚಿತ್ರದಲ್ಲಿ ಕೈಗೂಡಿಸಿ ಕೆಲಸ ಕಲಿತರು. ಮರುವರ್ಷ ಟೋಕಿಯೋ ನಗರದ ನೆರಿಮಾ ಭಾಗದಲ್ಲಿ, ತಮ್ಮ ಮನೆಗೆ ಅಂಟಿಕೊಂಡಂತೆಯೇ, ಬೆರಳೆಣಿಕೆಯ ಜನರನ್ನು ಕೂಡಿಕೊಂಡು ಸ್ವಂತ ಚಿತ್ರಶಾಲೆಯನ್ನು ತೆರೆದರು. ಅದೇ ಮುಷಿ ಪ್ರೊಡಕ್ಷನ್—ಹುಳುವಿನ ಚಿತ್ರಶಾಲೆ. ಚಿತ್ರಕಥೆಯಿಂದ ಬಂದ ಹಣವೇ ಅದಕ್ಕೆ ಬಂಡವಾಳ. 1962ರಲ್ಲಿ ಅಲ್ಲಿಂದ ಹೊರಬಂದ ಮೊದಲ ಚಿತ್ರದ ಹೆಸರು 'ಒಂದು ಬೀದಿಯ ಮೂಲೆಯ ಕಥೆ.' ಗೋಡೆಗೆ ಅಂಟಿಸಿದ ಚಿತ್ರಪಟಗಳು, ಒಂದು ಹುಡುಗಿ, ಅವಳ ಗೊಂಬೆ, ಒಂದು ಇಲಿ; ಅವುಗಳ ಮೇಲೆ ಬಂದು ಬೀಳುವ ಯುದ್ಧ. ಚಿತ್ರಕ್ಕೆ ಬಹುಮಾನ ಬಂದಿತು. ಹಣ ಬರಲಿಲ್ಲ. ಚಿತ್ರಶಾಲೆಯ ಜನಕ್ಕೆ ಸಂಬಳ ಕೊಡಬೇಕಾದರೆ ವಾರವಾರವೂ ಸಂಪಾದನೆ ತರುವ ಕೆಲಸವೊಂದು ಬೇಕಾಗಿದ್ದಿತು.

ಆಗ ಅವರು ಕೈಹಾಕಿದ ಕೆಲಸವನ್ನು ಬಲ್ಲವರೆಲ್ಲ ಹುಚ್ಚೆಂದರು. ಆಟಮ್ ಕಥೆಯನ್ನು ಟೆಲಿವಿಷನ್ನಿನಲ್ಲಿ ಪ್ರತಿ ವಾರವೂ ಅರ್ಧ ಗಂಟೆ ತೋರಿಸುವುದು! ಇದು ಏಕೆ ಹುಚ್ಚೆಂಬುದನ್ನು ತಿಳಿಯಲು ವಾಚಕರು ನಮ್ಮೊಡನೆ ಒಂದು ಸಣ್ಣ ಲೆಕ್ಕವನ್ನು ಹಾಕಬೇಕು. ಚಲಚ್ಚಿತ್ರದಲ್ಲಿ ಒಂದು ಸೆಕೆಂಡಿಗೆ 24 ಚಿತ್ರಗಳು ಸಾಗುತ್ತವೆ. ಇಪ್ಪತ್ತು ನಿಮಿಷದ ಕಥೆಗೆ 28,800 ಚಿತ್ರಗಳಾದುವು. ಒಂದೊಂದನ್ನೂ ಕೈಯಿಂದಲೇ ಬರೆದು, ಪಾರದರ್ಶಕವಾದ ಹಾಳೆಗೆ ಇಳಿಸಿ, ಬಣ್ಣ ತುಂಬಿ, ಒಂದೊಂದಾಗಿ ಛಾಯಾಗ್ರಹಣ ಮಾಡಬೇಕು. ಒಂದು ದೀರ್ಘ ಚಿತ್ರಕ್ಕೆ ನೂರಾರು ಜನರು ವರ್ಷಗಟ್ಟಲೆ ದುಡಿಯುತ್ತಿದ್ದ ಆ ಕೆಲಸವನ್ನು ಏಳು ದಿನಗಳಿಗೊಮ್ಮೆ ಮುಗಿಸುವುದೆಂದರೇನು?

ತೆಜುಕಾರವರು ಮನೆ ನಡೆಸುವ ಗೃಹಿಣಿಯಂತೆ ಉಳಿತಾಯಕ್ಕೆ ಹೊರಟರು. ಒಂದೇ ಚಿತ್ರವನ್ನು ಮೂರು ಸಲ ಛಾಯೆ ಹಿಡಿದರೆ ಸೆಕೆಂಡಿಗೆ 8 ಚಿತ್ರ ಸಾಕು. 28,800 ಇದ್ದುದು 9,600ಕ್ಕೆ ಇಳಿಯಿತು. ಅದೂ ಹೆಚ್ಚಾಯಿತು. ಪಾತ್ರವು ಮಾತನಾಡುವಾಗ ತುಟಿಯನ್ನು ಮಾತ್ರ ಅಲುಗಿಸಿದರು. ಆಶ್ಚರ್ಯದಿಂದ ನಿಂತವನನ್ನು ನಿಲ್ಲಿಸಿಯೇ ಬಿಟ್ಟರು. ಓಡುವವನ ಹಿಂದೆ ಹಿನ್ನೆಲೆಯ ಚಿತ್ರವನ್ನು ಎಳೆದರು. ಆಟಮ್ ಆಕಾಶಕ್ಕೆ ಹಾರುವ ಚಿತ್ರಗಳನ್ನು ಒಮ್ಮೆ ಬರೆದು ಜೋಪಾನವಾಗಿಟ್ಟು, ಮುಂದಿನ ವಾರ ಆಕಾಶದ ಬಣ್ಣ ಬದಲಿಸಿ ಅವುಗಳನ್ನೇ ಮತ್ತೆ ತೋರಿಸಿದರು. ಹೀಗೆ ಒಂದು ವಾರದ ಕಥೆಯನ್ನು ಸುಮಾರು 2,000 ಚಿತ್ರಗಳಲ್ಲಿ ಮುಗಿಸುವ ಉಪಾಯ ಸಿದ್ಧವಾಯಿತು. ಚಲನೆ ಕಡಮೆಯಾದಲ್ಲಿ ಕಥೆಯಿಂದ ತುಂಬಿದರು. ಹದಿನೈದು ವರ್ಷ ಕಾಗದದ ಮೇಲೆ ನಿಂತ ಚಿತ್ರಗಳನ್ನು ಓಡಿಸಿದ ಕೈಗೆ ಅದು ಅಸಾಧ್ಯವಾಗಲಿಲ್ಲ.

1963ರ ಜನವರಿ 1ರಂದು, ಹೊಸ ವರ್ಷದ ಹಬ್ಬದ ದಿನ, ಫೂಜಿ ಟೆಲಿವಿಷನ್ನಿನಲ್ಲಿ ಆಟಮ್ ಮೊದಲ ಬಾರಿಗೆ ಹಾರಿದನು. ಮಕ್ಕಳು ಪೆಟ್ಟಿಗೆಯ ಮುಂದಿನಿಂದ ಏಳಲೊಲ್ಲರು. ಮುಂದಿನ ವರ್ಷ ಒಂದು ವಾರ ನೂರಕ್ಕೆ ನಲವತ್ತು ಮನೆಗಳಲ್ಲಿ ಅದನ್ನೇ ನೋಡಿದರು. 1963ರಲ್ಲಿಯೇ ಅಮೆರಿಕದವರು 'ಆಸ್ಟ್ರೋ ಬಾಯ್' ಎಂಬ ಹೆಸರಿನಿಂದ ಅದನ್ನು ಕೊಂಡುಕೊಂಡರು. 1966ರ ಡಿಸೆಂಬರ್ 31ರವರೆಗೆ ಒಟ್ಟು 193 ಕಥೆಗಳು ಬಂದುವು. 1965ರಲ್ಲಿ ಬಿಳಿಯ ಸಿಂಹದ ಕಥೆಯನ್ನು ಬಣ್ಣದಲ್ಲಿ ಹೊರತಂದರು. ಜಪಾನಿನ ಟೆಲಿವಿಷನ್ನಿನಲ್ಲಿ ಬಣ್ಣದ ಅನಿಮೇಷನ್ ಮಾಲೆಗಳಿಗೆ ಅದೇ ನಾಂದಿ. ಹುಳುವಿನ ಚಿತ್ರಶಾಲೆಯಲ್ಲಿ ಈಗ ನೂರಾರು ಜನರು ಕೆಲಸ ಮಾಡುತ್ತಿದ್ದರು.

ಇಷ್ಟೆಲ್ಲ ಆದರೂ ಲೆಕ್ಕದ ಪುಸ್ತಕ ಬೇರೆಯೇ ಮಾತನಾಡುತ್ತಿದ್ದಿತು. ಪ್ರತಿ ಕಥೆಗೆ ಖರ್ಚಾಗುವುದಕ್ಕಿಂತ ಬಹಳ ಕಡಮೆ ಬೆಲೆಗೆ ತೆಜುಕಾರವರು ಅದನ್ನು ಒಪ್ಪಿಕೊಂಡಿದ್ದರು. ಬೆಲೆ ಹೆಚ್ಚು ಕೇಳಿದರೆ ಯಾರೂ ಕೊಳ್ಳಲಾರರು, ಕಡಮೆಯಿಟ್ಟರೆ ಬೇರೆಯವರು ಈ ಕೆಲಸಕ್ಕೆ ಬರಲಾರರು ಎಂಬುದು ಅವರ ಎಣಿಕೆ. ಕೊರತೆಯನ್ನು ತುಂಬಲು ತಾವೇ ರಾತ್ರಿಯೆಲ್ಲ ಚಿತ್ರಕಥೆ ಬರೆದು ಆ ಹಣವನ್ನು ಸುರಿದರು. ಪ್ರಾಯೋಜಕರಾದ ಮಿಠಾಯಿ ಕಂಪನಿಯವರು ಚಾಕೊಲೇಟಿನೊಡನೆ ಆಟಮ್ ಚಿತ್ರದ ಅಂಟುಚೀಟಿಯನ್ನು ಕೊಡತೊಡಗಿದಾಗ ಮಕ್ಕಳು ಮುಗಿಬಿದ್ದರು. ಇಂತಹ ವಸ್ತುಗಳಿಂದಲೂ, ಹೊರದೇಶದ ಮಾರಾಟದಿಂದಲೂ ಬಂದ ಹಣ ಕೆಲವು ಕಾಲ ಕೈ ಹಿಡಿಯಿತು.

ಎಣಿಕೆಯ ಮೊದಲ ಭಾಗ ಸರಿಯಾಯಿತು. ಎರಡನೆಯ ಭಾಗ ತಲೆಕೆಳಗಾಯಿತು. ಆಟಮ್ ಗೆದ್ದುದನ್ನು ಕಂಡ ಬೇರೆ ಕಂಪನಿಗಳು ಅದೇ ವರ್ಷವೇ ಕಣಕ್ಕೆ ಇಳಿದುವು. ಕೊಳ್ಳುವವರು ಎಲ್ಲರಿಗೂ ತೆಜುಕಾರವರ ಬೆಲೆಯನ್ನೇ ತೋರಿಸಿದರು. ತೆಜುಕಾರವರಿಗಾದರೋ ಚಿತ್ರಕಥೆಯ ಸಂಪಾದನೆಯಿದ್ದಿತು. ಬೇರೆಡೆ ದೀಪದ ಕೆಳಗೆ ಕುಳಿತು ಹಾಳೆಗೆ ಹಾಳೆ ಬರೆಯುತ್ತಿದ್ದ ಯುವಕ ಯುವತಿಯರಿಗೆ ಏನಿದ್ದಿತು? ಕಡಮೆ ಕೂಲಿ, ಹೆಚ್ಚು ದುಡಿಮೆ. ಮುಂದೆ ಜಗತ್ಪ್ರಸಿದ್ಧರಾದ ಹಯಾವೊ ಮಿಯಾಜಾಕಿಯವರು ತೆಜುಕಾರವರು ತೀರಿಕೊಂಡ ವರ್ಷವೇ ಈ ತಪ್ಪನ್ನು ಮುಚ್ಚಿಡದೆ ಎತ್ತಿ ಹೇಳಿದರು. ಬೆಲೆ ಕಡಮೆಯಾಗಲು ಇನ್ನೂ ಅನೇಕ ಕಾರಣಗಳಿದ್ದುವೆಂದು ವಾದಿಸುವವರೂ ಉಂಟು. ಅಂತೂ ಒಬ್ಬನು ಪ್ರೀತಿಯಿಂದ ತನ್ನ ಕೆಲಸವನ್ನು ಅಗ್ಗಕ್ಕೆ ಕೊಟ್ಟರೆ, ಆ ಪ್ರೀತಿಯ ಬೆಲೆಯನ್ನು ತೆರುವವನು ಅವನೊಬ್ಬನೇ ಅಲ್ಲ ಎಂಬುದಂತೂ ಸ್ಪಷ್ಟವಾಯಿತು.

ಕಾಲ ತಿರುಗಿತು. ದೊಡ್ಡವರಿಗಾಗಿ ಮಾಡಿದ ಚಲಚ್ಚಿತ್ರಗಳಲ್ಲಿ 1969ರ 'ಸಾವಿರದ ಒಂದು ರಾತ್ರಿಗಳು' ಜನರನ್ನು ಸೆಳೆದರೂ, 1970ರ 'ಕ್ಲಿಯೋಪಾತ್ರಾ' ಕೈ ಸುಟ್ಟಿತು. ಚಿತ್ರಶಾಲೆಯೊಳಗೆ ಒಡಕು ಹುಟ್ಟಿತು. 1971ರಲ್ಲಿ ತೆಜುಕಾರವರು ಅಧ್ಯಕ್ಷ ಪದವಿಯನ್ನು ಬಿಟ್ಟುಕೊಟ್ಟರು. 1973ರ ನವೆಂಬರ್ ತಿಂಗಳಿನಲ್ಲಿ ಮುಷಿ ಪ್ರೊಡಕ್ಷನ್ ದಿವಾಳಿಯಾಯಿತು. ಪದವಿ ಬಿಟ್ಟಿದ್ದರೂ ಸಾಲ ಅವರನ್ನು ಬಿಡಲಿಲ್ಲ. ಚಿತ್ರಶಾಲೆಗೆ ಅಂಟಿಕೊಂಡಿದ್ದ ಮನೆ ಕೈತಪ್ಪಿತು. ಸಂಸಾರ ಬಾಡಿಗೆಯ ಮನೆಗೆ ಹೋಯಿತು. ಮಕ್ಕಳ ತಳ್ಳುಗಾಡಿಗಳನ್ನು ತಯಾರಿಸುವ ಒಸಾಕಾದ ವ್ಯಾಪಾರಿಯೊಬ್ಬರು ಮುಂದೆ ನಿಂತು ಸಾಲದ ವ್ಯವಹಾರವನ್ನು ಬಗೆಹರಿಸಿಕೊಟ್ಟುದರಿಂದ, ಅವರ ಚಿತ್ರಕಥೆಗಳ ಹಕ್ಕು ಸಾಲಗಾರರ ಪಾಲಾಗದೆ ಉಳಿಯಿತು. ಮೊದಲೇ ಹೊಸ ಚಿತ್ರಗಾರರು ಬಂದು, ತೆಜುಕಾರವರ ಕಾಲ ಮುಗಿಯಿತೆಂದು ಜನರು ಆಡಿಕೊಳ್ಳುತ್ತಿದ್ದ ದಿನಗಳವು.

ಅನ್ನದ ಪ್ರಶ್ನೆ ಎರಡನೆಯ ಸಲ ಎದ್ದುದು ಹೀಗೆ. ಆದರೆ ನೋಡಿ, ಚಿತ್ರಶಾಲೆ ಬಿದ್ದ ಅದೇ ತಿಂಗಳಲ್ಲಿ ವಾರಪತ್ರಿಕೆಯೊಂದರಲ್ಲಿ ಅವರ ಹೊಸ ಕಥೆ 'ಬ್ಲ್ಯಾಕ್ ಜ್ಯಾಕ್' ಆರಂಭವಾಯಿತು. ಮೈಮುಖವೆಲ್ಲ ಹೊಲಿಗೆಯ ಗುರುತುಗಳಿದ್ದ, ಪರವಾನಗಿಯಿಲ್ಲದ ಶಸ್ತ್ರವೈದ್ಯನೊಬ್ಬನ ಕಥೆ. ಅವನು ಶ್ರೀಮಂತರಿಂದ ಕೋಟಿಗಟ್ಟಲೆ ಕೇಳುತ್ತಾನೆ. ಜೀವದ ಬೆಲೆ ಅರಿತ ಬಡವನನ್ನು ಏನೂ ಪಡೆಯದೆ ಬದುಕಿಸುತ್ತಾನೆ. ಕೆಲವೇ ವಾರಗಳೆಂದು ತೊಡಗಿದುದು ವರ್ಷಗಟ್ಟಲೆ ನಡೆಯಿತು. ಅಂದು ವ್ಯರ್ಥವಾಯಿತೆಂದು ತೋರಿದ್ದ ವೈದ್ಯ ವಿದ್ಯೆ ಬಿದ್ದವನನ್ನು ಕೈ ಹಿಡಿದು ಎಬ್ಬಿಸಿತು. ಕಲಿತ ವಿದ್ಯೆ ಯಾವಾಗ ಹೇಗೆ ಒದಗುವುದೋ ಬಲ್ಲವರಾರು? 1972ರಲ್ಲಿ ಮೊದಲಾಗಿದ್ದ 'ಬುದ್ಧ' ಎಂಬ ಅವರ ಮಹಾ ಚಿತ್ರಕಥೆಯೂ ಈ ಕಷ್ಟದ ವರ್ಷಗಳನ್ನು ದಾಟಿ 1983ರವರೆಗೆ ಸಾಗಿತು. ಕಪಿಲವಸ್ತುವಿನ ರಾಜಕುಮಾರನ ಕಥೆಯನ್ನು ಜಪಾನಿನ ಮಕ್ಕಳು ಅದರಲ್ಲಿ ಓದಿದರು.

ಹುಳುವಿನ ಚಿತ್ರಶಾಲೆ ಮುರಿದುಬಿದ್ದುದು ನಿಜ. ಆದರೆ ಬೀಜಗಳು ಚೆದರಿ ಬಿದ್ದುವು. ಅಲ್ಲಿ ಪಳಗಿದವರು 1972ರಲ್ಲಿಯೇ ಮ್ಯಾಡ್‌ಹೌಸ್, ಸನ್‌ರೈಸ್ ಎಂಬ ಹೊಸ ಚಿತ್ರಶಾಲೆಗಳನ್ನು ಕಟ್ಟಿದರು. ಒಸಾಮು ದೆಜಾಕಿ, ರಿಂತಾರೋ, 'ಗಂಡಂ' ಮಾಲೆಯ ಯೊಷಿಯುಕಿ ತೊಮಿನೊ ಮೊದಲಾದ ನಿರ್ದೇಶಕರೆಲ್ಲ ಅಲ್ಲಿ ಕೈ ತಿದ್ದಿಕೊಂಡವರು. ಬೆಲೆಯನ್ನು ಇಳಿಸಿದ ಕೈಯೇ ಕುಶಲರನ್ನು ಬೆಳೆಸಿದುದೂ ಹೌದು. ಈ ಎರಡನ್ನೂ ಒಟ್ಟಿಗೆ ಹೇಳದೆ ಹೋದರೆ ತೆಜುಕಾರವರಿಗೆ ನ್ಯಾಯ ಸಲ್ಲಿಸಿದಂತಾಗದು.

1968ರಲ್ಲಿಯೇ ಸ್ಥಾಪಿಸಿದ್ದ ತೆಜುಕಾ ಪ್ರೊಡಕ್ಷನ್ಸ್ ಎಂಬ ಬೇರೊಂದು ಸಂಸ್ಥೆಯ ಮೂಲಕ ಅವರು ಮತ್ತೆ ಅನಿಮೇಷನ್ನಿಗೆ ಮರಳಿದರು. 1984ರಲ್ಲಿ ಅವರು ಮಾಡಿದ 'ಜಂಪಿಂಗ್' ಎಂಬ ಚಿತ್ರವು ಆರು ನಿಮಿಷದ್ದು. ಕುಣಿದು ಕುಣಿದು ಮೇಲೆ ಹಾರುವ ಒಬ್ಬನ ಕಣ್ಣಿಗೆ ಊರು, ಕಾಡು, ಸಮುದ್ರ, ಯುದ್ಧಭೂಮಿಗಳು ಕಾಣುವ ಬಗೆಯೇ ಅದರ ಕಥೆ. ಅದಕ್ಕಾಗಿ ಬರೆಯಿಸಿದುದು ಸುಮಾರು 4,000 ಚಿತ್ರಗಳನ್ನು! ಒಂದು ಕಾಲಕ್ಕೆ ಅರ್ಧ ಗಂಟೆಯನ್ನು ಎರಡು ಸಾವಿರದಲ್ಲಿ ಮುಗಿಸಿದವರು ಆರು ನಿಮಿಷಕ್ಕೆ ಅದರ ಇಮ್ಮಡಿಯನ್ನು ವ್ಯಯಮಾಡಿದರು. ಝಾಗ್ರೆಬ್ ನಗರದ ಉತ್ಸವದಲ್ಲಿ ಅದಕ್ಕೆ ಮಹಾ ಬಹುಮಾನ ಬಂದಿತು. 1985ರಲ್ಲಿ ಹಿರೋಷಿಮಾದ ಮೊದಲ ಉತ್ಸವದಲ್ಲಿ ಇನ್ನೊಂದು ಕಿರುಚಿತ್ರಕ್ಕೂ ಅಂತಹುದೇ ಗೌರವ ಸಂದಿತು.

1987ರಲ್ಲಿ ಬಂದ 'ಕಾಡಿನ ದಂತಕಥೆ' ನಮ್ಮನ್ನು ಎಲ್ಲಕ್ಕಿಂತ ಹೆಚ್ಚಾಗಿ ಯೋಚಿಸುವಂತೆ ಮಾಡುತ್ತದೆ. ಚೈಕೋವ್‌ಸ್ಕಿಯವರ ನಾಲ್ಕನೆಯ ಸಿಂಫನಿಗೆ ಹೊಂದಿಸಿದ ಚಿತ್ರವದು. ಅದರ ಒಂದು ಭಾಗದಲ್ಲಿ ಕಾಡಿನ ಯಕ್ಷರೂ ಪ್ರಾಣಿಗಳೂ ಹಳೆಯ ಕಾಲದ ಸಂಪೂರ್ಣ ಚಲನೆಯಲ್ಲಿ, ನೀರು ಹರಿದಂತೆ ನಡೆದಾಡುತ್ತಾರೆ. ಕಾಡನ್ನು ಕಡಿಯಲು ಬರುವವರು ಮಾತ್ರ ಟೆಲಿವಿಷನ್ನಿನ ಅಗ್ಗದ ಚಿತ್ರಗಳಂತೆ ತಟಕ್ಕ ತಟಕ್ಕನೆ ಚಲಿಸುತ್ತಾರೆ. ಆ ಅಗ್ಗದ ಚಲನೆಯನ್ನು ತಮ್ಮ ದೇಶದ ಟೆಲಿವಿಷನ್ನಿಗೆ ತಂದವರು ಯಾರೆಂಬುದನ್ನು ಅವರು ಮರೆತಿದ್ದರೆ? ಮರೆತಿದ್ದರೆಂದು ನಮಗೆ ತೋರುವುದಿಲ್ಲ. ತನ್ನ ಕೈಯ ಕೆಲಸವನ್ನೇ ಕೊಡಲಿಯವರ ಕಡೆಗೆ ನಿಲ್ಲಿಸಿ ತೋರಿಸುವುದು ಎಲ್ಲರಿಂದಲೂ ಆಗುವುದಲ್ಲ.

ಆ ಸಿಂಫನಿಯ ನಾಲ್ಕು ಭಾಗಗಳಲ್ಲಿ ಅವರು ಮುಗಿಸಿದುದು ಮೊದಲನೆಯದನ್ನೂ ನಾಲ್ಕನೆಯದನ್ನೂ ಮಾತ್ರ. 1989ರ ಫೆಬ್ರವರಿ 9ರಂದು, ಹೊಟ್ಟೆಯ ಕ್ಯಾನ್ಸರಿನಿಂದ, ಅರುವತ್ತನೆಯ ವಯಸ್ಸಿನಲ್ಲಿ ತೆಜುಕಾರವರು ತೀರಿಕೊಂಡರು. ಆಸ್ಪತ್ರೆಯ ಹಾಸಿಗೆಯಲ್ಲಿಯೂ ಚಿತ್ರ ಬರೆಯುವುದನ್ನು ನಿಲ್ಲಿಸಿರಲಿಲ್ಲ. ಬಾಳೆಲ್ಲ ಸೇರಿ ಬರೆದ ಚಿತ್ರಕಥೆಯ ಪುಟಗಳು ಒಂದೂವರೆ ಲಕ್ಷದಷ್ಟೆಂದು ಎಣಿಸುತ್ತಾರೆ. 1994ರಲ್ಲಿ ಅವರ ಹೆಸರಿನ ವಸ್ತುಸಂಗ್ರಹಾಲಯವು ತಕರಾಜುಕಾದಲ್ಲಿ, ಅವರು ಹುಳು ಹಿಡಿಯುತ್ತ ಬೆಳೆದ ಊರಿನಲ್ಲಿಯೇ, ತೆರೆಯಿತು. ಅರ್ಧಕ್ಕೆ ನಿಂತ 'ಕಾಡಿನ ದಂತಕಥೆ'ಯ ಎರಡನೆಯ ಭಾಗವನ್ನು 2014ರಲ್ಲಿ ಪೂರ್ಣಗೊಳಿಸಿದವರು ಅವರ ಮಗ ಮಕೋತೊ.

ಇನ್ನು ಮನೆಗೆ ಬರೋಣ. ಮಗುವಿನ ಲೆಕ್ಕದ ಪುಸ್ತಕದ ಮೂಲೆಯಲ್ಲಿ ಪುಟ್ಟ ಮನುಷ್ಯನು ಓಡುತ್ತಿದ್ದಾನೆ. ಅವನನ್ನು ಅಳಿಸಬೇಡಿರಿ. ನಿನಗೆ ಯಾವುದು ಇಷ್ಟವೆಂದು ಕೇಳಿದ ಆ ತಾಯಿಯ ಮಾತು ನಮ್ಮ ಮನೆಗಳಲ್ಲಿಯೂ ಕೇಳಿಬರಲಿ. ಆದರೆ ಅದೇ ಹಾಳೆಯ ನಡುವಿನಲ್ಲಿರುವ ಲೆಕ್ಕವನ್ನೂ ಬಿಡಿಸಬಾರದು. ಕಲೆಯನ್ನು ಪ್ರೀತಿಸುವವನಿಗೆ ಅದರ ಬೆಲೆಯನ್ನು ಬಾಯಿ ಬಿಟ್ಟು ಕೇಳುವ ಧೈರ್ಯವೂ ಬೇಕು. ತನಗಾಗಿ ಅಲ್ಲದಿದ್ದರೂ, ನಾಳೆ ತನ್ನ ಪಕ್ಕದಲ್ಲಿ ಕುಳಿತು ಅದೇ ಕೆಲಸವನ್ನು ಮಾಡಬೇಕಾದವನಿಗಾಗಿ. ತೆಜುಕಾರವರು ತಮ್ಮ ಬಾಳಿನಿಂದ ಮೊದಲನೆಯದನ್ನು ಕಲಿಸಿದರು. ಎರಡನೆಯದನ್ನು ಅವರ ಬಾಳಿನ ನಷ್ಟದಿಂದ ನಾವು ಕಲಿಯೋಣ.